ಹನ್ನೊಂದನೇ ಮೊಳೆ

ಆರು ಕ್ಯಾಮೆರಾ, ಒಪ್ಪಿಗೆ ಪತ್ರದ ಒಂದು ಕಟ್ಟು,
ಸಹಿ ಬಾರದವರ ಹೆಬ್ಬೆಟ್ಟಿಗೆ ಶಾಯಿ,
ಇಷ್ಟನ್ನು ಚೀಲದಲ್ಲಿಟ್ಟು
ದೋಣಿ ಹತ್ತಿ ಕುರ್ವೆಗೆ ಬಂದಿದ್ದೆ.
ಅಘನಾಶಿನಿಯಲ್ಲಿ ನೀರು ಇಳಿಯುತ್ತಿತ್ತು.

"ನಿಮ್ಮ ಕಷ್ಟಾನೇ ತೆಗೀರಿ" ಅಂದೆ.
ಮಂಕಾಳಿ ಅಂಬಿಗ ಕ್ಯಾಮೆರಾ ತಿರುವಿ ನೋಡಿ
"ತೆಗದ್ರೆ ಹೋಗ್ತದ್ಯಾ?" ಅಂದಳು.
ನಗು ದಂಡೆಯುದ್ದ ಹಾಯಿತು.
ಪುಸ್ತಕ ತೆರೆದು ನಾನು
ನಗು ಎಂದು ಬರೆದುಕೊಂಡೆ, ಕಂಸದೊಳಗೆ.

ಹದಿನೈದು ದಿನ, ಎಂಟುನೂರು ಚಿತ್ರ.
ನಾನು ಹುಡುಕಿ ಬಂದ ಕಷ್ಟ ಒಂದರಲ್ಲೂ ಇಲ್ಲ.
ಒಣಹಾಕಿದ ಸೀರೆಯ ಮೇಲೆ ಏಡಿಯ ಕೆಸರು ಹೆಜ್ಜೆ,
ಗಜನಿಯ ಕಟ್ಟೆ ಮೇಲೆ ನಿದ್ದೆ ಹೋದ ಕಾವಲಿನವ,
ಬುಟ್ಟಿಯ ತಳದಲ್ಲಿ ಬಾಯಿ ತೆರೆದ ಒಂದೇ ಒಂದು ಬಳಚು,
ದೇವಕಿಯ ಕಡೆ ನೋಡದ ದೇವಕಿಯ ಅತ್ತೆ, ಒಂಬತ್ತು ಸಲ.
ಮತ್ತೆ ನಾನು.
ಚಪ್ಪಲಿ ಕೈಯಲ್ಲಿ, ಕೆಸರಿನ ಅಂಚಿಗೆ
ಒಂದು ಕಾಲೆತ್ತಿ ನಿಂತ ಕೊಕ್ಕರೆ.
ಕೆಳಗೆ ಬೀರಮ್ಮ ಹೇಳಿ ಬರೆಸಿದ ಸಾಲು:
"ಇವ್ರು ನಮ್ಮನ್ನ ಕಲೀಲಿಕ್ಕೆ ಬಂದವ್ರು."

ಆರಿಸುವ ದಿನ ಸೊಸೈಟಿ ಗೋದಾಮಿನ ನೆಲದ ತುಂಬ ಚಿತ್ರ.
ಹನ್ನೊಂದು ಸಾಕು ಅಂತಾಯಿತು.
ಒಂದರ ಮೇಲೆ ನನ್ನ ಕಣ್ಣು:
ಸೊಂಟದವರೆಗಿನ ನೀರಲ್ಲಿ ಏಳು ಹೆಂಗಸರು
ಕಾಲ್ಬೆರಳಲ್ಲೇ ತಳ ತಡವುತ್ತ,
ಹಿಂದೆ ಬಾಗಿದ ಕಾಂಡ್ಲ ಗಿಡ, ಆಚೆ ರೈಲು ಸೇತುವೆ,
ಬೆಳಕೋ ಹೇಳಿ ಮಾಡಿಸಿದ್ದು.
ಮುಖಪುಟಕ್ಕೆ ಇದೇ ಅಂದುಕೊಂಡೆ.
ವರದಿಯ ಮುಖಪುಟಕ್ಕೆ. ನನ್ನ ವರದಿಯ.

ತೆಗೆದ ಮಂಕಾಳಿಯೇ ಅದನ್ನು ಮಗುಚಿಟ್ಟಳು.
"ಇದು ಬ್ಯಾಡ.
ಆ ಗಿಡ, ಈ ಸೇತುವೆ, ನಡುವೆ ಒಂದು ಗೆರೆ ಎಳದ್ರೆ ಆಯ್ತು,
ಚಿಪ್ಪಿ ಲಾರಿಯವ್ರು ನಾಡಿದ್ದೇ ದೋಣಿ ತರ್ತಾರೆ."

ಒಪ್ಪಿಗೆ ಪತ್ರ ತೋರಿಸಬಹುದಿತ್ತು.
ಕೈ ಚೀಲದವರೆಗೆ ಹೋಯಿತು ಕೂಡ.
ಪಾಲುದಾರರು ಎಂದು ಮೊದಲ ಪುಟದಲ್ಲೇ
ದಪ್ಪಕ್ಷರದಲ್ಲಿ ಬರೆದವಳು ನಾನೇ.
ಪಾಲು ಅಂದರೇನೆಂದು ಅವರಿಗೆ ಗೊತ್ತು,
ದಿನಾ ಬುಟ್ಟಿ ಸುರಿದು ಎಣಿಸುವವರು,
ಮರಿಗಳನ್ನು ಮತ್ತೆ ನೀರಿಗೆ ಎಸೆಯುವವರು.
ನನಗೆ ಗೊತ್ತಿದ್ದದ್ದು ಪದ.

ಗೋಡೆಗೆ ಮೊಳೆ ಹೊಡೆದಾಗಿತ್ತು, ಹನ್ನೊಂದು.
ಹತ್ತು ಚಿತ್ರ ತೂಗಿದವು.
ಉಳಿದದ್ದು ಹಾಗೇ ಇರಲಿ ಅಂದಳು ಮಂಕಾಳಿ,
ಕೆಳಗೊಂದು ಚೀಟಿ ಮಾತ್ರ:
"ನಮ್ಗೆ ಗೊತ್ತಿದ್ದ ಜಾಗ."

ಕುಮಟೆಯಿಂದ ಬಂದ ಸಾಹೇಬರು
ಅದರೆದುರು ತುಸು ಹೊತ್ತು ನಿಂತು
"ಇಲ್ಲಿದ್ದದ್ದು ಬಿದ್ದುಹೋಗಿದೆ" ಎಂದು
ಒದ್ದೆ ಕೊಡೆಯನ್ನು ಆ ಮೊಳೆಗೆ ತೂಗುಹಾಕಿದರು.
ಯಾರೂ ಏನೂ ಹೇಳಲಿಲ್ಲ.
ನಾನೂ.