ಹ ಬಿಟ್ಟ ಹೆಸರು

ಕಲಬುರಗಿ ಕೋರ್ಟಿನ ಮುಂದ, ಬೇವಿನ ಗಿಡದ ಕೆಳಗ
ಟೈಪು ಮಾಡೋ ರೇವಣಸಿದ್ದ ಕೇಳ್ತಾನ:
ಯಾ ಹೆಸರು ಖರೇ, ಯಾ ಹೆಸರು ಸುಳ್ಳು?
ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಾಗ ಮಾನಂದಾ.
ನರ್ಸಿಂಗ್ ಡಿಪ್ಲೊಮಾದಾಗ ಮಹಾನಂದಾ.
ಕೌನ್ಸಿಲ್‌ನವರು ಅರ್ಜಿ ವಾಪಸ್ ಕಳಿಸ್ಯಾರ
ಕೆಂಪು ಶಾಯಿಲೆ ಒಂದು ಸುತ್ತು ಹಾಕಿ,
ಹ ಇಲ್ಲದ ಜಾಗಕ್ಕ.

ಅದು ಬಿದ್ದದ್ದೆಲ್ಲಿ ಅಂತ ನನಗ ಗೊತ್ತದ.
ಮಳಖೇಡದ ಸಾಲಿ, ಕ್ವಾಟಿ ನೆಳ್ಳು ಬೀಳೋ ಕೋಣಿ,
ಹೆಸರು ಹಚ್ಚಲಿಕ್ಕೆ ದಾಲ್ ಮಿಲ್ಲಿನಿಂದ ಹಂಗೇ ಓಡಿ ಬಂದ ಅವ್ವ,
ಬಾಯಿ ತುಂಬ ತೊಗರಿ ಧೂಳು.
ಗುರುಪಾದ ಮಾಸ್ತರು ಕೇಳಿದಂಗ ಬರ್ಕೊಂಡರು.
ನಮ್ಮ ಕಡೆ ಬಾಯಾಗ
ಹಕಾರ ಬಾಳ ಹೊತ್ತು ನಿಲ್ಲೂದಿಲ್ಲ.

ಉಳಿದದ್ದೆಲ್ಲ ಸರಿ ಅದ, ಚೀಲ ಬಿಚ್ಚಿ ತೋರಿಸ್ತೀನಿ.
ಪಿಯುಸಿ ಅದ, ಮೂರು ವರ್ಷದ ಅಂಕಪಟ್ಟಿ ಅವ,
ಕೇಸ್ ಪುಸ್ತಕ ಅದ, ಗುಲಾಬಿ ರಟ್ಟು, ಮೂಲಿಗೆ ಅಯೋಡಿನ್ ಕಲೆ.
ನೋಡಿದ ಹೆರಿಗೆ ಇಪ್ಪತ್ತು, ಕೈಯಾರೆ ಮಾಡಿದ್ದು ಇಪ್ಪತ್ತು,
ಒಂದೊಂದಕ್ಕೂ ಎಸ್ತೇರಮ್ಮ ಸಿಸ್ಟರ್ ಸಹಿ.
ಹತ್ತೊಂಬತ್ತಕ್ಕ ಬಂದು ನಿಂತಾಗ ಗೋಗರೆದಿದ್ದೆ,
ಇನ್ನೊಂದು ಹಾಕಿಬಿಡ್ರಿ ಸಿಸ್ಟರ್, ಪರೀಕ್ಷಾ ಬಂತು.
ಆಕಿ ಬಸಿಗೆ ಚಾ ಸುರುವಿಕೊಂಡು ಅಂದ್ಲು:
ಹುಟ್ಟದ ಕೂಸಿಗೆ ನಾ ಸಹಿ ಹಾಕೂದಿಲ್ಲ.

ಆ ರಾತ್ರಿ ಬಂದಾಕಿ ಚಿತ್ತಾಪುರದ ಜೈತುನಬಿ.
ಮೇ ತಿಂಗಳು, ಫ್ಯಾನು ಇದ್ದ ಬಿಸಿನೇ ತಿರುವಿ ತಿರುವಿ ಹಾಕ್ತಿತ್ತು.
ಮೂರು ಗಂಟೆ ಹನ್ನೆರಡು ನಿಮಿಷಕ್ಕ ಕೂಸು ನನ್ನ ಕೈಯಾಗ.
ನೀಲಿ.
ಅಳಲಿಲ್ಲ.
ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಬೆರಳಿಲೆ ಚಿಮ್ಮಿದೆ,
ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದೆ. ಸಿಸ್ಟರ್ ದನಿ ಕಿವಿ ಹಿಂದ:
ಒತ್ತು, ಬಿಡು, ಬಿಡು. ಒತ್ತು, ಬಿಡು, ಬಿಡು.
ಇಪ್ಪತ್ತನೇ ಸಹಿ ಆ ಹೊತ್ತಿಗೆ ನೆನಪೇ ಇರಲಿಲ್ಲ.
ಇತ್ತು ಅಂದರೂ ಸುಳ್ಳಲ್ಲ.
ಆಮ್ಯಾಲೆ ಎದಿ ಎದ್ದಿತು, ಬಾಯಿ ತೆರೀತು.
ಅದಿನ್ನೂ ಅಳು ಅಲ್ಲ,
ಬರೇ ಒಂದು ಹ,
ಒತ್ತಿಲ್ಲ, ಕೊಂಬಿಲ್ಲ, ದೀರ್ಘ ಇಲ್ಲ.

ಕೈಗೆ ಪಟ್ಟಿ ಕಟ್ಟಿದೆ:
ಜೈತುನಬಿಯ ಕೂಸು, ಗಂಡು, ಎರಡು ಕಿಲೋ ಆರುನೂರು.
ಓದಿ ನೋಡಿದೆ, ಮತ್ತ ಓದಿದೆ.
ಅಕ್ಷರ ತಪ್ಪಿದರ ಕೂಸು ಬ್ಯಾರೆದವರ ಮಗ್ಗಲಿಗೆ ಹೋಗ್ತದ
ಅಂತ ಮೊದಲನೇ ವರ್ಷದಾಗೇ ಕಲಿಸ್ಯಾರ.
ಹಂಗಾಗಿ ಕೌನ್ಸಿಲ್‌ನವರ ಮ್ಯಾಲೆ ನನಗ ಸಿಟ್ಟಿಲ್ಲ.
ನಂಬರ ಇಲ್ಲದ ಕೈ ಸೂಜಿ ಹಿಡಿಯಬಾರದು, ಖರೇ.
ಆದರೂ ಎಂಟು ತಿಂಗಳಾತು,
ಸೇಡಂ ರಸ್ತೆ ನರ್ಸಿಂಗ್ ಹೋಮಿನಾಗ
ನರ್ಸೂ ಅಲ್ಲ, ಆಯಾನೂ ಅಲ್ಲ.
ಏ ಹುಡುಗಿ ಅಂಬೋದು ನನ್ನ ಮೂರನೇ ಹೆಸರು,
ಅದನ್ನ ಯಾರೂ ತಪ್ಪಿ ಬರೆಯೂದಿಲ್ಲ.

ರೇವಣಸಿದ್ದ ಕಾಗದ ಎಳೆದು ಓದ್ತಾನ:
ಸದರಿ ಎರಡೂ ಹೆಸರುಗಳು ಒಬ್ಬಳೇ ವ್ಯಕ್ತಿಯವಾಗಿದ್ದು
ಎಂದು ಪ್ರಮಾಣೀಕರಿಸುತ್ತೇನೆ. ಸಹಿ ಮಾಡ್ರಿ ಇಲ್ಲಿ.
ಯಾ ಹೆಸರಿಲೆ ಮಾಡಲಿ?
ಆಂವ ತಲಿ ಕೆರಕೋತಾನ.
ನೋಟರಿ ಸಾಹೇಬರು ಊಟಕ್ಕ ಹೋಗ್ಯಾರ, ಕೂಡ್ರಿ.

ಅವ್ವನ ಫೋನು. ಹಿಂದ ಮಿಲ್ಲಿನ ಗದ್ದಲ.
ಮಾನಂದಾ, ಆಯ್ತೇನ ಕೆಲಸ?
ಹಾ, ಅಂದೆ.
ಮತ್ತೊಮ್ಮೆ ಹೇಳು, ಕೇಳಸವಲ್ದು.
ಹಾ, ಯವ್ವಾ. ಹಾ.