ಕೆಚ್ಚು

ನಾ ನೇಯಾಕಿ ಅಲ್ಲರಿ, ಕೆಚ್ಚಾಕಿ.
ಗುಳೇದಗುಡ್ಡದ ಓಣಿಯೊಳಗ
ಯಾರ ಮಗ್ಗದ ಹಾಸು ತೀರಿದ್ರೂ
ಹೇಳಿ ಕಳಸತಾರ: ಲುದ್ಯವ್ವನ್ನ ಕರೀರಿ.

ಹಳೇ ಹಾಸು ಕೊಯ್ದಿರತಾರ, ಬಿಚ್ಚಿರಂಗಿಲ್ಲ.
ಅದರ ತುದಿ ಹಣಿಗಿಯೊಳಗ ಹಂಗ ನಿಂತಿರತಾವ
ಒಂದೊಂದು ಕಣ್ಣ ದಾಟಿ, ಒಂದೊಂದು ಸಂದಿ ಹಾದು.
ಹೊಸಾ ಎಳಿ ಈಚೆ ಕಡೆ, ದಿಕ್ಕಿಲ್ಲದ್ದು.
ಬೆರಳಿಗೆ ಬೂದಿ ಹಚ್ಚಿಕೊಂಡು
ಇದರ ತುದಿ ಅದರ ತುದಿಗೆ ಹೊಸಿತೇನಿ.
ಗಂಟಲ್ಲ. ಗಂಟಾದ್ರ ಕಣ್ಣಾಗ ಸಿಕ್ಕೋತೈತಿ.
ಬರೇ ಹೊಸಿಯೂದು, ಎರಡು ಸಾವಿರದ ಮ್ಯಾಲೆ ಎಳಿ,
ಮುಂಜಾನಿ ಕುಂತ್ರ ದೀಪ ಹಚ್ಚೂ ಹೊತ್ತು.

ಆಮ್ಯಾಲೆ ನೇಕಾರ ಮೆಲ್ಲಕ ಜಗ್ಗತಾನ.
ಮುಂದಿಂದು ಹ್ವಾದಲ್ಲಿ ಹಿಂದಿಂದು ಹೋಗತೈತಿ.
ಹೊಸಾ ಎಳಿಗೆ ಹಾದಿ ಗೊತ್ತಿಲ್ಲ,
ಗೊತ್ತಿರಬೇಕಂತೂ ಇಲ್ಲ.

ನಾ ಹುಟ್ಟಿದ್ದು ಬಾಗಲಕೋಟಿ, ಹಿನ್ನೀರು ನುಂಗಿದ ಓಣಿ.
ಸರ್ವೇದವರು ಬಂದು ಕದದ ಮಗ್ಗಲಕ
ಕೆಂಪು ಬಣ್ಣದಾಗ ನಂಬರ ಬರದು ಹ್ವಾದ್ರು.
ನವನಗರದಾಗ ಸೆಕ್ಟರು, ಪ್ಲಾಟು, ಹಕ್ಕುಪತ್ರ.
ಅವ್ವ ಒಳಕಲ್ಲು ಬಿಡಲಿಲ್ಲ, ಕದ ಬಿಡಲಿಲ್ಲ,
ಗ್ವಾಡಿಯ ಮೊಳಿ ಸೈತ ಕಿತ್ತು ಉಡಿಯಾಗ ಹಾಕ್ಕೊಂಡ್ಲು.
ಅಪ್ಪನ್ನ ಮಾತ್ರ ತರಾಕಾಗಲಿಲ್ಲ.
ಅವನ ಕುಣಿ ಅಲ್ಲೇ ಉಳೀತು.
ನೀರು ಮೊದಲ ಶಿಲುಬಿಯ ಪಾದ ಮುಟ್ಟಿತು,
ಆಮ್ಯಾಲೆ ತೋಳು,
ಆಮ್ಯಾಲೆ ಬರೇ ನೀರು.
ಒಂದು ಬ್ಯಾಸಗ್ಯಾಗ ಇಳದಾಗ ಹೋಗಿ ನೋಡಿದೆ.
ದೇವದಾನಪ್ಪ ಅಂತ ಕೆತ್ತಿಸಿದ್ದು,
ದೇವ ಪಾಚಿಯೊಳಗ, ದಾನ ಹೊರಗ.

ಮದುವ್ಯಾಗಿ ಇಲ್ಲಿಗೆ ಬಂದೆ.
ಒಮ್ಮೆ ಎರಡು ಎಳಿ ತಪ್ಪಿದ್ದಕ್ಕ
ಸಾವಕಾರರ ಅವ್ವ ಕಟ್ಟಿ ಮ್ಯಾಲಿಂದ ಅಂದ್ಲು:
ಊರಿಲ್ಲ ಕೇರಿಲ್ಲ, ಪರದೇಶಿ!
ಅವತ್ತು ರೊಟ್ಟಿ ಗಂಟಲಾಗ ಇಳೀಲಿಲ್ಲ.
ಮುಂದಿನ ಐತವಾರ ಸಭಾಪಾಲಕರು ಓದಿದ್ರು,
ಅದ ಮಾತು.
ಬೈಗಳದಂಗಲ್ಲ, ಕಾಗದದ ಮ್ಯಾಲಿನ
ವಿಳಾಸ ಓದಿದಂಗ.
ಬಾಯಿಗೆ ಸೆರಗ ಹಚ್ಚಿ ನಕ್ಕೆ.
ಬಾಜೂಕ ಕುಂತ ಸುಗುಣವ್ವ ತಿವಿದ್ಲು.
ಏನ ಹೇಳ್ಲಿ? ಮುದುಕಿ ಖರೇನ ಅಂದಿದ್ಲು.

ನಮ್ಮ ಕಡೆ ಮಗ್ಗದ ತಗ್ಗಿಗೂ ಕುಣಿ,
ಮಣ್ಣು ಮಾಡೂ ತಗ್ಗಿಗೂ ಕುಣಿ.
ಒಂದರಾಗ ಕಾಲ ಇಳಿಬಿಟ್ಟು ಕುಂತವನ
ಎದಿಮಟ್ಟಕ ಖಣ ಏಳತೈತಿ, ಕೆಂಪಂಚು, ಬೆಳ್ಳಿ ಚಿಕ್ಕಿ.
ಇನ್ನೊಂದರಾಗ ಏನೇಳತೈತಿ
ಅದನ್ನ ನೀ ಒಬ್ಬನ ನೋಡಿ ಬಂದಿ.

ಯೇಸಪ್ಪಾ, ನಾ ಓದಿದಾಕಿ ಅಲ್ಲ.
ಕ್ರಿಸ್ತನೊಳಗ, ಕ್ರಿಸ್ತನೊಳಗ, ಅಂತಾರ ಮಾತಿಗೊಮ್ಮೆ.
ಒಳಗಂದ್ರ ಹೆಂಗ ಒಳಗ?
ಮನಿಯಾಗ ಇದ್ದಂಗೋ? ಅದು ಮುಳುಗೇತಿ.
ನೀರಾಗ ಇದ್ದಂಗೋ? ಅಪ್ಪನ್ನ ಕೇಳಬೇಕು.
ಮಂದಿ ನಡುವ ಎದ್ದು ಕೇಳಾಕ ನಾಚಿಕಿ.
ಬೂದಿ ಹತ್ತಿದ ಬೆರಳಿಗಷ್ಟ ಒಂಚೂರು ತಿಳದೈತಿ:
ನೀ ಮೊದಲ ಹಾದ ಎಳಿ.
ನಿನ್ನ ಕೊಯ್ದ್ರು, ಬಿಚ್ಚಾಕ ಆಗಲಿಲ್ಲ.
ನಾ ಈಚೆ ಕಡೆ, ಹರದ ತುದಿ,
ನವನಗರಕ್ಕೂ ಸಲ್ಲದ್ದು, ಗುಡ್ಡಕ್ಕೂ ಸಲ್ಲದ್ದು.
ಯಾರೋ ಕುಂತು ನನ್ನ ನಿನಗ ಹೊಸದಾರ.
ಎಲ್ಲಿಗೆ ನೀ ಮುಗದಿ, ಎಲ್ಲಿಂದ ನಾ ಸುರು,
ಬೆಳಕಿಗೆ ಹಿಡದ್ರೂ ಕಾಣವಲ್ದು.
ಜಗ್ಗಿದಾಗ ನೋವಾಗತೈತಿ, ಸುಳ್ಳ್ಯಾಕ ಹೇಳ್ಲಿ.
ಜಗ್ಗಿದಾಗನ ಗೊತ್ತಾಗೂದು, ಹಿಡದೈತಿ ಅಂತ.

ಅವ್ವಗ ಆರಾಮಿಲ್ಲ. ಸಂಜಿ ಬಸ್ಸಿಗೆ ಹತ್ತೇನಿ.
ಕಂಡಕ್ಟರ ತಮ್ಮ ಕೇಳತಾನ: ಎಲ್ಲಿಗೆ ಯವ್ವಾ?
ಬಾಗಲಕೋಟಿ.
ಹಳೇದೋ, ನವನಗರೋ?
ಕಿಡಕ್ಯಾಗ ಹೊರಗ ನೋಡತೇನಿ,
ದೂರದಾಗ ಹಿನ್ನೀರ ಮಿಂಚತೈತಿ.
ಹೊಸಾ ಊರು ಇನ್ನೂ ಮುಂದ ಐತಿ, ತಮ್ಮಾ,
ಸದ್ಯಕ ನವನಗರ ಕೊಡು.
ಚೀಟಿ ಇಸಗೋತೇನಿ,
ಅದಕ್ಕೂ ಹತ್ತತೈತಿ ಬೂದಿ.