ಪಾರ್ಸಲ್‌ನ ಅಳತಿ

ನಲವತ್ತು ವರ್ಷ ಬಾಗಲದ ಅಳತಿ ತಗೊಂಡೀನಿ,
ತೊಟ್ಟಲದ್ದು, ಮಗ್ಗದ ಹಲಗೀದು,
ಒಮ್ಮೆ ಹಾರ್ಮೋನಿಯಂ ಪೆಟಗೀದು.
ಅಳತಿ ಪಟ್ಟಿ ನೆಕ್ಕಿದ ಗಿರಾಕಿ
ಇಂವ ಒಬ್ಬನಽ.

ಮೂಗಿನಿಂದ ಬಾಲದ ಬುಡಕ್ಕ ಮೂವತ್ತೊಂದು ಇಂಚು,
ನೆಲದಿಂದ ಕಿವಿ ತುದೀಗೆ ಇಪ್ಪತ್ತೈದು,
ಕಿವಿ ನಿಂತಾಗ.
ಪವರ್‌ಲೂಮಿನ ಸದ್ದಿಗೆ ಒಂದು ಏಳತದ, ಒಂದು ಬೀಳತದ.
"ಎದ್ದದ್ದನ್ನಽ ಹಿಡಿ, ಮೋನಪ್ಪ ಮಾಮಾ" ಅಂದಳು ಹುಡುಗಿ,
ವಿಮಾನದವರ ಕಾಗದ ಬಿಚ್ಚಿ ಹಿಡದು.

ಆಕಿ ಹೆಸರು ನ್ಯಾಂಬುರಾ.
ಕೀನ್ಯಾದಾಗ ನ್ಯೇರಿ ಅಂತ ಊರು.
ಫಿಸಿಯೋಥೆರಪಿ ಕಲಿಯಾಕ ಬಂದು ವಡಗಾವಿಯೊಳಗ ಐದು ವರ್ಷ.
ಓಣಿ ಹೆಂಗಸರ ಬಾಯಾಗ ಆ ಹೆಸರು
ನಂಬೂರಾ ಆತು,
ಮೂರನೇ ದೀಪಾವಳಿ ಹೊತ್ತಿಗೆ ನಮ್ಮೂರಾ.
"ನಮ್ಮೂರಾ ಬಂದಳೇನು? ಮೊಣಕಾಲು ತೋರಸಬೇಕಿತ್ತು."

ನಾಯಿ ಹೆಸರು ಆಕಿ ಇಟ್ಟದ್ದಲ್ಲ.
ಬಾಳವ್ವನ ಖಾನಾವಳಿಯೊಳಗ ಪಾರ್ಸಲ್ ಕಟ್ಟೂ ಕಟ್ಟಿ ಕೆಳಗ
ಕಣ್ಣು ಬಿಟ್ಟಾಗಿಂದ ಕುಂತಾಂವ.
ಒಂದಿನ ಆಕಿ ಒಳಗ ಕೂಗಿದಳು, "ಪಾರ್ಸಲ್!"
ಇಂವ ಎದ್ದು ಬಂದ.
ಆವಾಗ ಯಾರಿಗೆ ಗೊತ್ತಿತ್ತು.

ಕಾಗದದಾಗ ಬರದದ:
ನಿಂತರ ತಲಿ ಬಡೀಬಾರದು. ತಿರುಗಾಕ ಬರಬೇಕು.
ನಾಕೂ ಕಡೆ ಗಾಳಿ. ಗಾಲಿ ಬ್ಯಾಡ.
ಬಾಗಲಾ ತಗೀದಽ ಹೊರಗಿಂದ ನೀರು ಹಾಕಾಕ ಬರಬೇಕು.
ಬಾಣದ ಗುರುತು, ಮ್ಯಾಲಿನ ಕಡೆ ಯಾವುದು ಅಂತ.
ಇಷ್ಟು ಚೊಲೊ ಮನಿ ನಾ ನನಗ ಕಟ್ಟಿಕೊಂಡಿಲ್ಲ, ಅಂದೆ.
ಆಕಿ ನಗಲಿಲ್ಲ.
ಹುಚ್ಚುನಾಯಿ ಸೂಜೀದು ತಾರೀಖು ತಪ್ಪಿ ಬಿದ್ದಿತ್ತು,
ದನದ ದವಾಖಾನೀಗೆ ಮೂರು ಸಲ ಅಡ್ಡಾಡಿ ಬಂದಿದ್ದಳು,
ಡಾಕ್ಟರ್ ಸಾಹೇಬ ಯಾರದೋ ಎಮ್ಮಿ ಈಯಸಾಕ
ಹಲಗಾಕ್ಕ ಹೋಗಿದ್ದ.

ನಡುವ ಕೇಳಿದೆ:
ಬಿಟ್ಟು ಹೋಗಬಾರದೇನವಾ, ಓಣಿ ಸಾಕತದ.
ಆ ರೊಕ್ಕದಾಗ ಎರಡು ಎಮ್ಮಿ ಬರತಾವು.
ಆಕಿ ಕಟ್ಟಿಗಿ ಹೊಟ್ಟಿನಾಗ ಬೆರಳಾಡಿಸಿಕೋತ ಅಂದಳು:
"ಮೊದಲನೇ ವರ್ಷ ನನ್ನ ಜೋಡಿ ಯಾರೂ ಮಾತಾಡತಿದ್ದಿಲ್ಲ ಮಾಮಾ.
ಇಂವ ರೂಮಿನ ತನಕ ಬಿಟ್ಟು ಬರತಿದ್ದ."
ನಾ ರಂದಾ ಹೊಡದೆ.
ಮೊದಲನೇ ವರ್ಷ ನನ್ನ ಅಂಗಡಿ
ಇಲ್ಲೇಽ ಇತ್ತು.

ಪೆಟಗಿ ತಯಾರಾತು. ಅಂವ ಒಳಗ ಹೋಗವಲ್ಲ.
ಆಕಿ ಹಳೀ ಓಢಣಿ ಹಾಸಿದಳು, ರೊಟ್ಟಿ ಮುರದಿಟ್ಟಳು.
ಕುತಗಿ ಚಾಚಿ ರೊಟ್ಟಿ ಅಷ್ಟಽ ತಗೋತಾನ,
ಹಿಂದಿನ ಕಾಲು ವಡಗಾವಿಯೊಳಗಽ ಇರತಾವು.

ರಾತ್ರಿ ಯಾರೂ ಇಲ್ಲದಾಗ
ನಾನಽ ಹೊಕ್ಕು ನೋಡಿದೆ.
ಅರವತ್ತೆರಡು ವರ್ಷದ ಮೈ, ಮೊಣಕಾಲು ಎದಿಗೆ.
ಸರಸಿನ ವಾಸನಿ. ಗಾಳಿ ತೂತಿನಾಗ
ಓಣಿ ಚಿಲ್ಲರ ರೊಕ್ಕದಂಗ ಬಿಡಿ ಬಿಡಿ ಕಂಡಿತು:
ಒಂದರಾಗ ಬಾಳವ್ವನ ಚಪ್ಪಲಿ,
ಒಂದರಾಗ ಲೈಟಿನ ಕಂಬದ ಬುಡ,
ಒಂದರಾಗ ಅವನ ಮೂಗು, ಹಸೀದು,
ಈ ಮುದುಕ ಯಾಕ ಒಳಗ ಹೋಗ್ಯಾನ ಅಂತ ಮೂಸಿಕೋತ.
ಆಮ್ಯಾಲೆ ಅವನೂ ಬಂದ.
ಇಬ್ಬರಿಗೆ ಜಾಗ ಇದ್ದಿಲ್ಲ.
ಬಂದ.

ಮುಂಜಾನೆ ಎದ್ದು, ಮಲಗಿದಾಗ ಮೂಗು ಬರೂ ಎತ್ತರಕ್ಕ
ಒಂದು ತೂತು ಹೆಚ್ಚಿಗಿ ಕೊರದೆ.
ಕಾಗದದಾಗ ಅದು ಇದ್ದಿಲ್ಲ.

ಬ್ರಸ್ಪತವಾರ ರಾತ್ರಿ ಮುಂಬೈ ಗಾಡಿ.
"ಮನೀಗೆ ಹೊಂಟೀವಿ ಮಾಮಾ" ಅಂತಾಳ,
ಹೊಂಟೀವಿ ಅಂತ, ಇಬ್ಬರನೂ ಸೇರಿಸಿ.
ಅಲ್ಲೂ ಮಣ್ಣು ಖಾನಾಪುರದಂಗ ಕೆಂಪಂತ.
ಅಲ್ಲಿ ಇವನ ಹೆಸರು
ಯಾರ ಬಾಯಾಗ ಏನಾಗತದೋ.

ಪೆಟಗಿ ಮ್ಯಾಲೆ ಹೆಸರು ಬರಿ ಅಂದಳು. ಬರದೆ.
"ಸಾಮಾನು ಅಂತ ತಿಳೀತಾರ" ಅಂತ ನಕ್ಕಳು, ಆ ವಾರದಾಗ ಮೊದಲನೇ ಸಲ.
ಅದಕ್ಕ ಕೆಳಗ ಮತ್ತೊಂದು ಸಾಲು ಬರದೆ:
ಒಳಗ ಜೀವ ಐತಿ, ಹಗೂರ.
ಕನ್ನಡದಾಗ. ಯಾರು ಓದತಾರೋ.

ಅಪ್ಪನ ಕಾಲದ ಕಟ್ಟಿಗಿ ಅಳತಿ ಪಟ್ಟಿ
ಇವತ್ತು ಬಾಂಕಿನ ಕೆಳಗ ಸಿಕ್ಕಿತು.
ಮೊದಲನೇ ಇಂಚು ಇಲ್ಲ, ಕಡದು ತಿಂದಾನ.
ಇನ್ನ ಯಾರ ಮನಿ ಬಾಗಲಾ ಅಳದರೂ
ಒಂದರಿಂದ ಹಿಡದು
ಒಂದು ಕಳೀಬೇಕು.